ಹೊಳೆಯ ಊರು ನೋಡಿ ಬಂದವರು

ಕಾಕಾ ಚಹಾ ಕುಡಿಯುತ್ತಿರಲಿಲ್ಲ. ಗೋಕಾಕದ ಸಂತೆಯಲ್ಲಿ ಪರಿಚಯದವರು ಸಿಕ್ಕರೆ ಮೊದಲು ಕೈ ಹಿಡಿದು ಎಳೆದುಕೊಂಡು ಹೋಗುವುದು ಚಹಾದ ಅಂಗಡಿಗೆ. ಅಲ್ಲಿ ಬೇಡವೆಂದರೆ ಕರೆದವರ ಮುಖ ಸಣ್ಣದಾಗುತ್ತದೆ. ಕಾಕಾ ಬೇಡವೆನ್ನುತ್ತಿರಲಿಲ್ಲ. ಚಹಾದ ಕಪ್ಪು, ಬಸಿ ಕೈಯಲ್ಲಿ ಹಿಡಿದು ಮಾತಾಡುತ್ತ ಕೂತಿರುತ್ತಿದ್ದರು. ಮಾತು ಮುಗಿಯುವ ಹೊತ್ತಿಗೆ ಚಹಾದ ಮೇಲೆ ಕೆನೆ ಕಟ್ಟಿರುತ್ತಿತ್ತು. ಆಗ ಅದನ್ನು ಮೆಲ್ಲಗೆ ಬೆಂಚಿನ ಕೆಳಗಿಟ್ಟು ಏಳುತ್ತಿದ್ದರು.

"ಏನ್ ಮಿಲಿಟ್ರಿ, ನಮ್ಮ ಚಾದಾಗ ಹುಳಾ ಬಿದ್ದೈತೇನ್?" ಎಂದು ಅಂಗಡಿಯವನು ಒಮ್ಮೆ ಸಿಟ್ಟಿನಿಂದಲೇ ಕೇಳಿದ.

"ನಿಂದು ಚಲೋನ ಐತೊ ತಮ್ಮಾ. ನನ್ನ ಗಂಟಲಾನ ಸರಿ ಇಲ್ಲ."

ಹೋದ ವಾರ ಅವರನ್ನು ಧುಪದಾಳದಲ್ಲಿ, ಹೊಳೆಯಿಂದ ತುಸು ಮೇಲಿರುವ ಅವರ ಹೊಲದಲ್ಲಿ ಮಣ್ಣು ಮಾಡಿ ಬಂದೆವು. ತುಂಬಿದ ವಯಸ್ಸು. ನರಳಲಿಲ್ಲ. ಆದರೂ ಬಂದಾಗಿನಿಂದ ನನಗೆ ಯಾವ ಕೆಲಸದ ಮೇಲೂ ಮನಸ್ಸು ನಿಲ್ಲುತ್ತಿಲ್ಲ. ನಾನು ಶಾಲೆ ಕಲಿತದ್ದು ತಡವಾಗಿ, ಬರೆಯುವುದು ನನ್ನ ಕಸುಬಲ್ಲ. ಆದರೆ ಅವರು ನಮ್ಮವ್ವನ ಮುಂದೆ ಕೂತು ಹೇಳುತ್ತಿದ್ದ ಮಾತುಗಳನ್ನು ಕೇಳಿದವರಲ್ಲಿ ಈಗ ಉಳಿದವನು ನಾನೊಬ್ಬನೇ. ಅದಕ್ಕೇ ಕೂತಿದ್ದೇನೆ.

ಅವರು ಹುಕ್ಕೇರಿ ತಾಲೂಕಿನವರು, ಕಣಗಲಾ ಕಡೆಯ ಕುರುಬರು. ಹೆಸರು ಹಿಡಿದು ಅವರನ್ನು ಕರೆದವರು ಕಡಿಮೆ, ನಾನೂ ಕರೆದವನಲ್ಲ; ನನಗೆ ಅವರು ಕಾಕಾ, ಅಷ್ಟೇ. ದೊಡ್ಡ ಯುದ್ಧದಿಂದ ತಿರುಗಿ ಬಂದ ಮೇಲೆ ಧುಪದಾಳದಲ್ಲಿ ಹೊಳೆಗೆ ಅಡ್ಡ ಕಟ್ಟಿದ ಒಡ್ಡಿನ ಮೇಲೆ ಕಾವಲಿನ ಕೆಲಸ ಸಿಕ್ಕಿತು. ಕಾಲುವೆಗೆ ನೀರು ಬಿಡುವ ಬಾಗಿಲುಗಳನ್ನು ತಿರುವಿ ಎತ್ತುವುದು, ಇಳಿಸುವುದು. ಬಣ್ಣ ಹೋದ ಖಾಕಿ ಅಂಗಿ, ಮೊಳಕಾಲಿನ ಮೇಲೆ ಧೋತರ, ಹೆಗಲ ಮೇಲೆ ಕರಿಯ ಕಂಬಳಿ. ಎಲ್ಲಿಗೇ ಹೋದರೂ ಮೊದಲು ಅಲ್ಲಿಯ ನೀರು ನೋಡುತ್ತಿದ್ದರು. ಬಾವಿಯಾದರೆ ಬಗ್ಗಿ ನೋಡುವುದು, ಹಳ್ಳವಾದರೆ ಇಳಿದು ಒಂದು ಬೊಗಸೆ ಬಾಯಿಗೆ ಹಾಕಿಕೊಳ್ಳುವುದು. ಆಮೇಲೆ ಊರಿನವರ ಮುಖ ನೋಡುತ್ತಿದ್ದರು.

ಇನ್ನೊಂದು ಅಭ್ಯಾಸವಿತ್ತು. ನಾಲ್ಕು ಮಂದಿ ಕೂಡಿ ಹೊರಟರೆ ಅವರು ಎಲ್ಲರ ಹಿಂದೆ ನಡೆಯುತ್ತಿದ್ದರು. ಕುರಿ ಕಾದವರ ನಡಿಗೆ ಅದು. ಹಿಂಡನ್ನು ಮುಂದೆ ಬಿಟ್ಟು ಹಿಂದಿನಿಂದ ಹೋಗುವುದು. ಯುದ್ಧದಲ್ಲಿ ಅವರಿಗೆ ಕೊಟ್ಟದ್ದು ಸಾಮಾನು ಹೊರುವ ಹೇಸರಗತ್ತೆಗಳನ್ನು. ಅವನ್ನು ಹಗ್ಗ ಹಿಡಿದು ಮುಂದೆ ನಿಂತು ಎಳೆದುಕೊಂಡು ಹೋಗಬೇಕು. "ಬಂದೂಕ ಹಿಡಿಯೂದು ಲಗೂನ ಕಲ್ತ್ನಿ, ಮುಂದ ನಡಿಯೂದು ಕಡೀತನಕಾ ಬರ್ಲಿಲ್ಲ ನೋಡ" ಎಂದು ನಗುತ್ತಿದ್ದರು. ಆ ನಗು ಅರ್ಧಕ್ಕೇ ನಿಲ್ಲುತ್ತಿತ್ತು. ಯಾಕೆಂದು ನನಗೆ ತಿಳಿದದ್ದು ಬಹಳ ತಡವಾಗಿ.

ನಮ್ಮದು ಮೂಡಲಗಿ ಹತ್ತಿರದ ಹಳ್ಳಿ, ಒಕ್ಕಲುತನದ ಲಿಂಗಾಯತರ ಮನೆ. ಅಪ್ಪ ನಾನು ಚಿಕ್ಕವನಿದ್ದಾಗಲೇ ತೀರಿಹೋಗಿದ್ದ. ಅವ್ವ, ಅಣ್ಣ ಬಾಳಪ್ಪ, ನಾನು. ಬಾಳಪ್ಪ ಬೆಳಗಾವಿಗೆ ಎತ್ತು ಮಾರಲು ಹೋದವನು ಪಲ್ಟಣಿಗೆ ಹೆಸರು ಕೊಟ್ಟು ಬಂದ. ಹಡಗು ಹತ್ತಿ ಇಟಲಿ ಎಂಬ ದೇಶಕ್ಕೆ ಹೋದ. ಆಮೇಲೆ ಒಂದು ದಿನ ಗೌಡರ ಚಾವಡಿಯಲ್ಲಿ ಕಾಗದ ಓದಿ, ಬಾಳಪ್ಪ ಯುದ್ಧದಲ್ಲಿ ತೀರಿಕೊಂಡ ಎಂದರು. ಅಷ್ಟೇ. ಹೇಗೆ ಎಂದಿರಲಿಲ್ಲ, ಆಮೇಲೆ ಏನು ಮಾಡಿದರೆಂದೂ ಇರಲಿಲ್ಲ.

ನಮ್ಮಲ್ಲಿ ಸತ್ತವರನ್ನು ಸುಡುವುದಿಲ್ಲ. ಕುಣಿ ತೋಡಿ, ಪೂಜೆಗೆ ಕೂತ ಹಾಗೆ ಕೂಡಿಸಿ ಮಣ್ಣು ಕೊಡುತ್ತೇವೆ. ಚಿಕ್ಕಂದಿನಿಂದ ಕೊರಳಲ್ಲಿ ಕಟ್ಟಿಕೊಂಡ ಲಿಂಗ ಆಗ ಅವರ ಎಡಗೈಯಲ್ಲಿರಬೇಕು. ಅದೇ ಆಗದಿದ್ದರೆ ಉಳಿದದ್ದೆಲ್ಲ ಆಗಿಯೂ ಏನೂ ಆಗದ ಹಾಗೆ. ಊರಿನ ಅಯ್ಯನವರು ಬಂದು, ಮಗನ ಹೆಸರಿನಲ್ಲಿ ಗಣಾರಾಧನೆ ಮಾಡಿ ನಾಲ್ಕು ಮಂದಿಗೆ ಉಣ್ಣಲಿಕ್ಕೆ ಇಕ್ಕಬೇಕವ್ವಾ ಎಂದರು.

"ನನ್ನ ಮಗಗ ಮಣ್ಣ ಸಿಕ್ಕೈತೊ ಇಲ್ಲೊ ತಿಳಿಯೂತನಕಾ ನಾ ಏನೂ ಮಾಡೂದಿಲ್ರಿ ಅಯ್ಯನವ್ರ" ಎಂದಳು ಅವ್ವ.

"ಅಷ್ಟ ದೂರದ ಸುದ್ದಿ ನಿನಗ ಯಾರ ತಂದ ಹೇಳ್ತಾರ ಬೇ?"

"ಯಾರರೆ ಬರ್ತಾರ್ರಿ."

ಯಾರೋ ಬಂದರು. ಯುದ್ಧ ಮುಗಿದ ಮರುವರ್ಷದ ದಸರೆಯಲ್ಲಿ, ಬನ್ನಿಯ ದಿನ. ಊರಿನವರೆಲ್ಲ ಬನ್ನಿ ಎಲೆ ಕೊಟ್ಟು ತೆಗೆದುಕೊಂಡು ಹಿರಿಯರ ಕಾಲು ಮುಟ್ಟುವ ಹೊತ್ತು. ಖಾಕಿ ಅಂಗಿಯ ಅಪರಿಚಿತ ಮನುಷ್ಯ ನಮ್ಮ ಬಾಗಿಲಿನ ಹೊರಗೆ ನಿಂತಿದ್ದರು. ಕೈಯಲ್ಲಿ ಬನ್ನಿಯ ಎಲೆ.

"ಬಾಳಪ್ಪನ ಮನಿ ಇದ ಏನ್ರಿ?"

ಜೋಳ ಹಸನು ಮಾಡುತ್ತ ಕೂತಿದ್ದ ಅವ್ವ ಮೊರ ಕೆಳಗಿಟ್ಟಳು. "ಹೌದೊ ಯಪ್ಪಾ. ನೀ ಯಾರಾಂವ?"

"ನಾನೂ ಅಲ್ಲೇ ಇದ್ನಿರಿ ಯವ್ವಾ. ಅವನ ಜೋಡಿ."

ಅವ್ವ ಒಳಗೆ ಬಾ ಎನ್ನಲಿಲ್ಲ, ಕೂಡು ಎನ್ನಲಿಲ್ಲ. ಎದ್ದು ಬಂದು ಹೊಸ್ತಿಲಿನ ಮೇಲೆ ನಿಂತು ಒಂದೇ ಕೇಳಿದಳು.

"ನನ್ನ ಮಗಗ ಮಣ್ಣ ಕೊಟ್ರೇನ್ ತಮ್ಮಾ? ಕೈಯಾಗ ಲಿಂಗ ಇತ್ತೇನ್?"

ಅವರು ತಮ್ಮ ಎಡಗೈಯ ಅಂಗೈಯನ್ನೇ ನೋಡಿಕೊಂಡರು. ಮುಂದೆಯೂ ಎಷ್ಟೋ ಸಲ ಅವರು ಹಾಗೆ ನೋಡಿಕೊಳ್ಳುವುದನ್ನು ಕಂಡಿದ್ದೇನೆ, ಅದರಲ್ಲೇನೋ ಇಟ್ಟು ಮರೆತವರ ಹಾಗೆ. ಆಮೇಲೆ ಹೇಳಿದರು:

"ಯವ್ವಾ, ನಮಗ ಒಂದ ದಿನಾ ಸೂಟಿ ಕೊಟ್ಟಿದ್ರು. ನಾನೂ ಬಾಳಪ್ಪಾನೂ ಕೂಡಿ ಒಂದ ಊರ ನೋಡಾಕ ಹೋಗಿದ್ವಿರಿ. ಹೊಳಿ ದಂಡಿ ಮ್ಯಾಲಿನ ಊರು. ಅದನ್ನ ಮೊದಲ ಹೇಳ್ತೇನಿ, ಕೇಳ್ರಿ."

ಅವ್ವ ಅವರ ಮುಖವನ್ನು ಬಹಳ ಹೊತ್ತು ನೋಡಿದಳು. ನಾನು ಬಾಗಿಲ ಮರೆಯಲ್ಲಿ ನಿಂತಿದ್ದೆ. ಇನ್ನೊಮ್ಮೆ ಕೇಳುತ್ತಾಳೆ ಅಂದುಕೊಂಡೆ. ಆಕೆ ಕೇಳಲಿಲ್ಲ. ಕಂಬಳಿ ಹಾಸಿ, "ಕೂಡು. ಹೇಳು" ಎಂದಳು.

ಆ ದಿನ ಹೇಳಿದ್ದು ಊರಿನೊಳಗೆ ಕಾಲಿಟ್ಟಲ್ಲಿಗೇ ನಿಂತಿತು. ಹೊತ್ತು ಮುಳುಗಿತ್ತು. ಹೊರಡುವಾಗ ಅವ್ವ, "ಮುಂದಿನ ಬನ್ನಿಗೆ ಬಾ, ಉಳದದ್ದ ಹೇಳಾಕ" ಎಂದಳು. ಹೀಗೆ ಅವರು ಬರಹತ್ತಿದರು, ಪ್ರತಿ ದಸರೆಗೆ, ಧುಪದಾಳದಿಂದ ನಡೆದುಕೊಂಡು. ಬನ್ನಿ ಕೊಟ್ಟು ಅವ್ವನ ಕಾಲು ಮುಟ್ಟಿ ಕಂಬಳಿಯ ಮೇಲೆ ಕೂತರೆ ಆ ಊರು ಮತ್ತೆ ಶುರುವಾಗುತ್ತಿತ್ತು.

ಅವರು ಅದಕ್ಕೆ ಫಿರೆಂಜ ಎನ್ನುತ್ತಿದ್ದರು, ಅಲ್ಲಿಯ ಜನ ಹಾಗೇ ಅನ್ನುತ್ತಿದ್ದರಂತೆ. ಮುಂದೆ ನಾನು ಗೋಕಾಕದಲ್ಲಿ, ಮೀಸೆ ಬಂದ ಮೇಲೆ, ಚಿಕ್ಕ ಹುಡುಗರ ಹಿಂದಿನ ಸಾಲಿನಲ್ಲಿ ಕೂತು ಏಳನೆಯ ತರಗತಿಯ ಮುಲ್ಕಿ ಪರೀಕ್ಷೆಗೆ ಓದುವಾಗ ಗೋಡೆಯ ನಕಾಶೆಯಲ್ಲಿ ಅದನ್ನು ಹುಡುಕಿದೆ. ಫ್ಲಾರೆನ್ಸ್ ಎಂದು ಬರೆದಿತ್ತು. ಕೂದಲೆಳೆಯಷ್ಟು ನೀಲಿ ಗೆರೆ, ಅದರ ಮೇಲೊಂದು ಕರಿಯ ಚುಕ್ಕೆ. ಕಾಕಾಗೆ ಹೇಳಿದರೆ, "ಅಷ್ಟ ಸಣ್ಣದೇನ?" ಎಂದು ಬೇಸರ ಮಾಡಿಕೊಂಡರು.

ಚುಕ್ಕೆಯೊಳಗೆ ಏನೇನಿತ್ತೆಂದು ಕಾಕಾನಿಂದಲೇ ಕೇಳಬೇಕು. ಬೆಳಗ್ಗೆ ಲಾರಿಯೊಂದು ಅವರನ್ನು ಹೊಳೆಯ ದಂಡೆಯಲ್ಲಿ ಇಳಿಸಿ, ಸಂಜೆ ಲಾರಿಯ ಭೋಂಗಾ ಕೂಗಿದಾಗ ಇಲ್ಲೇ ಬರಬೇಕೆಂದು ಹೇಳಿ ಹೋಯಿತು. ಹೊಳೆಯ ಎರಡೂ ಕಡೆ ಕಲ್ಲಿನ ಗೋಡೆ. ನೀರು ಹಸಿರು, ನಮ್ಮ ಘಟಪ್ರಭೆಯ ಹಾಗೆ ಕೆಂಪಲ್ಲ. ಹಿಂದೆ ಸರಿಯುವಾಗ ಶತ್ರುಗಳು ಸೇತುವೆಗಳನ್ನೆಲ್ಲ ಒಡೆದು ಹೋಗಿದ್ದರು. ಕಲ್ಲುಗಳು ನೀರಿನಲ್ಲಿ ಬಿದ್ದಿದ್ದವು. ಒಂದೇ ಸೇತುವೆ ಉಳಿದಿತ್ತು, ಅದರ ಮೇಲೆ ಮನೆಗಳು, ಅಂಗಡಿಗಳು.

"ಸೇತುವಿ ಮ್ಯಾಲ ಮನಿ?" ಅವ್ವ ನಂಬಲಿಲ್ಲ.

"ಖರೇನ ಯವ್ವಾ. ಅಕ್ಕಸಾಲಿಗರ ಅಂಗಡಿ ಅಂತ. ನಾವ್ ಹೋದಾಗ ಎಲ್ಲಾ ಮುಚ್ಚಿದ್ವು. ಬಾಳಪ್ಪ ಒಂದ ಕದಾ ಬಡದಾ. ಯಾಕೊ ಅಂದ್ನಿ. ಅಂಗಡಿ ತೆರದ್ರ ಅವ್ವಗ ಒಂದ ಮೂಗಬೊಟ್ಟ ನೋಡ್ತಿದ್ನಿ ಅಂದಾ."

"ಹುಚ್ಚಪ್ಪ. ನಾ ಮೂಗಬೊಟ್ಟ ಬಿಟ್ಟ ಎಷ್ಟ ವರ್ಷಾತು" ಎಂದಳು ಅವ್ವ. ಅಪ್ಪ ಹೋದಂದಿನಿಂದ ಆಕೆಯ ಮೂಗು ಬರಿದಾಗಿತ್ತು. ಹಾಗೆಂದವಳು ಬೆರಳಿನಿಂದ ಮೂಗು ಮುಟ್ಟಿಕೊಂಡಳು.

ಆ ಊರಿನಲ್ಲಿ ದೊಡ್ಡದೊಂದು ಗುಡಿ, ಅದರ ಮೇಲೆ ಕೆಂಪು ಹಂಚಿನ ಗುಮ್ಮಟ. ಕತ್ತು ನೋಯುವ ತನಕ ನೋಡಿ ಬಾಳಪ್ಪ, "ಬಿಜಾಪುರದ ಗುಮ್ಮಟ ಇದಕ್ಕಿಂತಾ ದೊಡ್ಡದ ಬಿಡ" ಎಂದನಂತೆ.

"ನೀ ನೋಡೀಯೇನ್ ಬಿಜಾಪುರಾ?"

"ಇಲ್ಲ. ಆದ್ರ ದೊಡ್ಡದು."

ಇದನ್ನು ಕಾಕಾ ಬಾಳಪ್ಪನ ದನಿಯಲ್ಲೇ ಹೇಳುತ್ತಿದ್ದರು, ಗದ್ದ ಮೇಲೆತ್ತಿ. ಅವನು ಹಾಗೇ ಮಾತಾಡುತ್ತಿದ್ದ. ಅದನ್ನು ಕೇಳಿದಾಗಲೆಲ್ಲ ಅವ್ವ ನನ್ನ ಕಡೆ ತಿರುಗಿ, "ಕೇಳಿದಿ?" ಎನ್ನುತ್ತಿದ್ದಳು.

ಇನ್ನು ಕಲ್ಲಿನ ಮನುಷ್ಯನ ಮಾತು. ಒಂದು ಬಯಲಿನಲ್ಲಿ ಕೂಲಿಯವರು ಇಟ್ಟಿಗೆಯ ಗೋಡೆ ಬಿಚ್ಚುತ್ತಿದ್ದರು. ಬಾಂಬು ಬಿದ್ದು ಒಡೆಯದಿರಲೆಂದು ಮೂರ್ತಿಯೊಂದರ ಸುತ್ತ ಕಟ್ಟಿದ ಗೋಡೆ. ಒಂದೊಂದೇ ಸಾಲು ಇಳಿದಂತೆ ಒಳಗಿಂದ ಮುಖ ಬಂತು, ಎದೆ ಬಂತು. ಆಳಿಗಿಂತ ಎತ್ತರದ ಬಿಳಿಯ ಕಲ್ಲಿನ ಗಂಡಸು, ಮೈಮೇಲೆ ನೂಲಿನ ಎಳೆಯೂ ಇಲ್ಲ. ಹುಕ್ಕೇರಿ ಕಡೆಯ ಜೈನರ ಬಸದಿ ನೋಡಿದ್ದ ಬಾಳಪ್ಪನಿಗೆ ಅನುಮಾನವೇ ಉಳಿಯಲಿಲ್ಲ. ಕಾಲಿನ ಬೂಟು ಬಿಚ್ಚಿ, ಟೊಪ್ಪಿಗೆ ತೆಗೆದು, "ಇಲ್ಲೀತನಕಾ ಬಂದಾರ ನೋಡ ಸ್ವಾಮಿಗೋಳು" ಎಂದು ಎರಡೂ ಕೈ ಮುಗಿದ. ಕಾಕಾ ಕೂಡ ಮುಗಿದರು. ಇಟ್ಟಿಗೆ ಹೊರುತ್ತಿದ್ದ ಮುದುಕನೊಬ್ಬ ಪುಟ್ಟಿ ಕೆಳಗಿಟ್ಟು ಇವರನ್ನೇ ನೋಡಿದ. ತಾನೂ ಟೊಪ್ಪಿಗೆ ತೆಗೆದ.

ನೆರೆಮನೆಯ ಗೌರವ್ವ ಇದನ್ನು ಕೇಳಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. "ಹಡಗ ಹತ್ತಿ ಅಷ್ಟ ದೂರ ಹೋಗಿ ಬತ್ತಲಿ ಮನಷ್ಯಾನ್ನ ನೋಡಿ ಬಂದ್ರಿ! ಯಾರರೆ ಒಂದ ಧೋತರಾ ಉಡಸಬಾರದಾಗಿತ್ತೇನ್ರಿ?"

"ಬಾಳಪ್ಪಾನೂ ಅದನ್ನ ಅಂದಾ ಗೌರವ್ವಾ. ಚಳಿ ಭಾಳ ಐತಿ, ನಿನ್ನ ಕಂಬಳಿ ಹೊಚ್ಚಲೇನ್ ಅಂದಾ."

ಗೌರವ್ವ ನಗುನಗುತ್ತಲೇ ಕಣ್ಣು ಒರೆಸಿಕೊಂಡು ಎದ್ದು ಹೋದಳು. ಅವ್ವ ನಗಲಿಲ್ಲ. "ಚಳಿ ಅಷ್ಟಿತ್ತೇನ್?" ಎಂದು ಕೇಳಿದಳು.

ಅವ್ವನಿಗೆ ಬೇಕಾದ ಮಾತು ಬೇರೆ. ಅದು ಬರುವ ತನಕ ಆಕೆ ಬತ್ತಿ ಹೊಸೆಯುತ್ತಲೋ ಕಾಳು ಆರಿಸುತ್ತಲೋ ಇರುತ್ತಿದ್ದಳು. ಬಂದ ಕೂಡಲೇ ಕೈ ನಿಲ್ಲುತ್ತಿತ್ತು.

ಮಧ್ಯಾಹ್ನ ಉಣ್ಣುವ ಮೊದಲು ಬಾಳಪ್ಪನಿಗೆ ಪೂಜೆಯಾಗಬೇಕು. ಪಲ್ಟಣಿನ ಪೀಪಾಯಿಯ ನೀರಿಗೆ ಔಷಧದ ನಾತ, ಹೊಳೆ ಇದ್ದಾಗ ಅದ್ಯಾಕೆ ಎಂದು ಕಲ್ಲಿನ ಮೆಟ್ಟಿಲು ಇಳಿದ. ಕೈಕಾಲು ಮುಖ ತೊಳೆದುಕೊಂಡು ಕೊನೆಯ ಮೆಟ್ಟಿಲಿನ ಮೇಲೆ ಕೂತು, ಕೊರಳಿನ ಅರಿವೆ ಬಿಚ್ಚಿ ಲಿಂಗವನ್ನು ಎಡಗೈಯಲ್ಲಿಟ್ಟು, ಹೊಳೆಯ ನೀರು ಹಾಕಿ, ಕಣ್ಣು ಮುಚ್ಚಿದ. ಅತ್ತ ಕಡೆ ಹೆಂಗಸರು ಬಟ್ಟೆ ತೊಳೆಯುತ್ತಿದ್ದರು. ಒಬ್ಬ ಮುದುಕಿ ಬಟ್ಟೆ ಬಿಟ್ಟು ಹತ್ತಿರ ಬಂದಳು. ಕರಿಯ ಲಂಗ, ಕರಿಯ ರುಮಾಲು. ಕಣ್ಣು ಮುಚ್ಚಿ, ಕೈ ಚಾಚಿ, ತುಟಿ ಅಲುಗಿಸುತ್ತ ಕೂತ ಪರದೇಶದ ಹುಡುಗನನ್ನು ನೋಡಿದಳು. ಜೇಬಿನಲ್ಲಿ ಕೈ ಹಾಕಿ, ಸುಟ್ಟ ಬೀಜಗಳನ್ನು ತೆಗೆದು, ಆ ಚಾಚಿದ ಅಂಗೈಯಲ್ಲಿ, ಲಿಂಗದ ಬಾಜೂಕ್ಕೇ ಇಟ್ಟಳು.

"ನಾ ಓಡಿ ಹ್ವಾದ್ನಿ ಯವ್ವಾ, ಪೂಜಿ ಮುರೀತು, ಬೈತಾನ ಅಂತ. ಬಾಳಪ್ಪ ಕಣ್ಣ ತೆರದಾ. ಮುದಕೀನ್ನ ನೋಡಿದಾ, ಕೈ ನೋಡಿದಾ. ಆಮ್ಯಾಲ ಆ ಬೀಜಾ ಕಣ್ಣಿಗೆ ಒತ್ತಿಕೊಂಡು ಪರಸಾದ ತಿಂದಂಗ ತಿಂದಾ. ನನಗೂ ಅರ್ಧಾ ಕೊಟ್ಟಾ."

"ಹೆಂಗಿತ್ತದು?"

"ಸುಟ್ಟ ಗೆಣಸಿನಂಗ ಇತ್ತು. ಸಿಹಿ."

"ಆಕಿ ಯಾಕ ಕರೀದ ಉಟ್ಟಿದ್ಲು?"

"ಅಲ್ಲಿ ಯಾರನ್ನರೆ ಕಳಕೊಂಡವರು ಕರೀದ ಉಡ್ತಾರಂತ."

ಅವ್ವ ಮತ್ತೆ ಕಾಳು ಆರಿಸಹತ್ತಿದಳು. ಆಮೇಲೆ, "ಹಸದಾನ ಅಂತ ತಿಳದ್ಲು. ತಪ್ಪ ತಿಳದಿಲ್ಲ ಬಿಡು" ಎಂದಳು.

ಪ್ರತಿ ವರ್ಷ ಈ ಮಾತಾಗುತ್ತಿತ್ತು. ಆಕೆ ಅದೇ ಕೇಳುತ್ತಿದ್ದಳು, ಅವರು ಅದೇ ಹೇಳುತ್ತಿದ್ದರು. ಆದರೆ ಸಂಜೆಯ ಭೋಂಗಾ ಎಂದೂ ಆಗಲಿಲ್ಲ. ಲಾರಿ ಎಂದೂ ತಿರುಗಿ ಹೊರಡಲಿಲ್ಲ. ಹೊಸ್ತಿಲಲ್ಲಿ ಕೇಳಿದ ಪ್ರಶ್ನೆ ಹೊಸ್ತಿಲಲ್ಲೇ ಇತ್ತು, ಗಣಾರಾಧನೆಯೂ ನಿಂತೇ ಇತ್ತು. ಅಯ್ಯನವರು ದಾರಿಯಲ್ಲಿ ಸಿಕ್ಕಾಗ ನನ್ನನ್ನು ಗದರುತ್ತಿದ್ದರು. "ನಿಮ್ಮವ್ವಗ ತಿಳಿಸಿ ಹೇಳೊ. ಸತ್ತಾಂವನ್ನ ಹಿಂಗ ನಡುವ ನಿಂದ್ರಸಬಾರದು."

ನಾಲ್ಕನೆಯ ವರ್ಷ ಬೇಸಗೆಯಲ್ಲಿ ಅವ್ವ ಕಾಕಾಗೆಂದು ಹೊಸ ಶೇಂಗಾ ಕಟ್ಟಿ ಕಳಿಸಿದಳು. ಮುಂಜಾನೆ ಧುಪದಾಳಕ್ಕೆ ಮುಟ್ಟಿದೆ. ಕಾಕಾ ಒಡ್ಡಿನ ಕೆಳಗೆ ಕಲ್ಲಿನ ಮೇಲೆ ಕೂತಿದ್ದರು. ಎಡಗೈಯಲ್ಲಿ ಏನೋ ಇತ್ತು, ಬಲಗೈಯಿಂದ ಅದಕ್ಕೆ ಹೊಳೆಯ ನೀರು ಹಾಕುತ್ತಿದ್ದರು. ಹತ್ತಿರ ಹೋಗಿ ನೋಡಿದೆ. ಲಿಂಗ. ಬಾಜೂಕ್ಕೆ ಬಿಚ್ಚಿಟ್ಟ ಅರಿವೆಯ ಅಂಚಿನಲ್ಲಿ ಅವ್ವ ಹಾಕಿದ ಹೊಲಿಗೆ ಇತ್ತು.

ಅವರು ಮುಚ್ಚಿಡಲಿಲ್ಲ. "ಕೂಡ" ಎಂದರು. ನಾನು ಕೂತೆ.

"ಪೂಜಿ ಮಾಡಾಕ ನನಗ ಬರೂದಿಲ್ಲ. ದಿನಾ ತೊಳದ ಇಡ್ತೇನಿ, ಅಷ್ಟ."

ಅರಿವೆಯಲ್ಲಿ ಸುತ್ತಿ ಅಂಗಿಯ ಒಳಜೇಬಿನಲ್ಲಿ ಇಟ್ಟುಕೊಂಡರು. ಆಮೇಲೆ ನಾನು ಕೇಳದೆಯೇ ಹೇಳಿದರು. ಆ ಊರು ನೋಡಿ ಬಂದ ಮೇಲೆ ಹೆಚ್ಚು ದಿನ ಆಗಿರಲಿಲ್ಲ. ಗುಡ್ಡದ ಮೇಲಿನವರಿಗೆ ಬುತ್ತಿ, ಗುಂಡು ಮುಟ್ಟಿಸಲು ಹೇಸರಗತ್ತೆ ಹಿಡಿದು ಹೊರಟಿದ್ದರು.

"ದಾರಿ ಸಣ್ಣದು. ನಾ ಮುಂದ ಇರಬೇಕಾಗಿತ್ತು. ನನ್ನ ಚಟಾ ನಿನಗ ಗೊತ್ತೈತೆಲ್ಲ. ನೀ ಹಿಂದ ಬಾರೊ, ನಾ ನಡೀತೇನಿ ಅಂತ ಬಾಳಪ್ಪ ಮುಂದ ಹ್ವಾದಾ. ತೋಪಿನ ಗುಂಡ ಮುಂದ ಬಿತ್ತು."

ಹೊಳೆಯ ಸದ್ದು ಜೋರಾಗಿತ್ತು. ನಾನು ಮುಂದೆ ಬಾಗಿ ಕೇಳಬೇಕಾಯಿತು.

"ಸತ್ತವರನ್ನ ಒಂದ ಕಡೆ ಇಟ್ಟು ಕಟಗಿ ಒಟ್ಟಾಕತ್ತಿದ್ರು. ಹಿಂದೂ ಅಂದ್ರ ಬೆಂಕಿ, ಮುಸಲ್ಮಾನ ಅಂದ್ರ ಕುಣಿ. ಅವರಿಗೆ ಅಷ್ಟ ಗೊತ್ತು. ಅಲ್ಲಿ ನಮ್ಮ ಮಾತ ಬಲ್ಲವರು ಒಬ್ಬರೂ ಇರ್ಲಿಲ್ಲ. ಇವಗ ಬೆಂಕಿ ಬ್ಯಾಡ, ಇವನ್ನ ಕುಂಡ್ರಸಬೇಕು ಅಂತ ಹೆಂಗ ಹೇಳ್ಲಿ? ಕೈಯಾಗ ಇಡಾಕ ಬೇಕಂತ ಕೊಳ್ಳಾಗಿನ ಲಿಂಗ ಬಿಚ್ಚಿ ಇಟ್ಕೊಂಡ್ನಿ. ಆಮ್ಯಾಲ ಸಾಹೇಬನ ಮುಂದ ಹೋಗಿ ಕೆಸರಾಗ ಕುಂತ ತೋರಸಿದ್ನಿ. ಹಿಂಗ."

ಅವರು ಕಲ್ಲಿನ ಮೇಲೆ ಕಾಲು ಮಡಿಚಿ ಕೂತು, ಕಣ್ಣು ಮುಚ್ಚಿ, ಎಡಗೈಯನ್ನು ಎದೆಯ ಮುಂದೆ ತೆರೆದು ಹಿಡಿದರು.

"ಹಿಂಗ, ಹಿಂಗ ಅಂದ್ನಿ. ಜೋಡೀದಾಂವ ಸತ್ತಾನ, ಪಾಪ ದಣದಾನ ಅಂತ ಅವರು ತಿಳಕೊಂಡ್ರು. ಕೆಟ್ಟವರಲ್ಲ. ಯಾರೋ ಬಂದು ನನ್ನ ಅಂಗೈ ಮ್ಯಾಲ ಚಾದ ಮಗ್ಗ ಇಟ್ಟ ಹ್ವಾದ್ರು. ತುಂಬಿದ ಮಗ್ಗ. ಅದನ್ನ ಚೆಲ್ಲದಂಗ ಕೆಳಗ ಇಡೂದರಾಗ ಬೆಂಕಿ ಹಚ್ಚಿದ್ರು."

ಕೈ ಇನ್ನೂ ಹಾಗೇ ಇತ್ತು. ನಾನು ಅದನ್ನು ಹಿಡಿದು ಕೆಳಗಿಳಿಸಿದೆ.

"ನಿಮ್ಮವ್ವಗ ಇದನ್ನ ಹೆಂಗ ಹೇಳ್ಲಿ? ಲಿಂಗ ಕೊಟ್ರ ಕೈಯಾಗ ಇರ್ಲಿಲ್ಲ ಅಂದಂಗ ಆತು. ಕೊಡದ ಇದ್ರ ಕದ್ದಂಗ ಆತು. ಆ ಊರ ಒಂದ ಐತಿ ನನ್ನ ಬಾಯಾಗ ಹೇಳೂವಂಥಾದ್ದು."

ಹೊರಡುವಾಗ ನಾನು, ಅವ್ವನಿಗೆ ನಾನೇ ಹೇಳಲೇ ಎಂದು ಕೇಳಿದೆ. "ಬ್ಯಾಡ. ಕೇಳಿದ್ದು ನನ್ನ" ಎಂದರು. ನಾನು ಹೇಳಲಿಲ್ಲ.

ಆ ವರ್ಷದ ಬನ್ನಿಗೂ ಬಂದರು. ಕಂಬಳಿ ಹಾಸಿತ್ತು. ಎಲೆ ಕೊಟ್ಟು ಕಾಲು ಮುಟ್ಟಿ, "ಬೆಳಿಗ್ಗೆ ಲಾರಿ ನಮ್ಮನ್ನ ಹೊಳಿ ದಂಡ್ಯಾಗ ಇಳಿಸಿದಾಗ" ಎಂದು ಶುರು ಮಾಡಿದರು.

"ತಡಿ ತಮ್ಮಾ" ಎಂದಳು ಅವ್ವ. "ಇವತ್ತ ಕಡೀಕಿನಿಂದ ಹೇಳು."

ಕಾಕಾ ನನ್ನ ಮುಖ ನೋಡಿದರು. ನಾನು ಇಲ್ಲವೆಂದು ತಲೆಯಾಡಿಸಿದೆ.

"ಅವನ್ನ್ಯಾಕ ನೋಡ್ತಿ? ಅಂವ ಏನೂ ಹೇಳಿಲ್ಲ. ಮಣ್ಣ ಕೊಟ್ಟಿದ್ರ ಅವತ್ತ ನೀ ಹೊಸ್ತಲಾ ದಾಟೂಕಿಂತಾ ಮೊದಲ ಅದನ್ನ ಹೇಳ್ತಿದ್ದಿ. ಅವತ್ತ ತಿಳೀತ ನನಗ."

"ಮತ್ತ ಇಷ್ಟ ವರ್ಷಾ ಯಾಕ ಕೇಳ್ಲಿಲ್ಲ ಯವ್ವಾ?"

"ಕೇಳಿದ್ರ ಹೇಳಿ ಮುಗಿಸಿಬಿಡ್ತಿದ್ದಿ. ನೀ ಹೇಳೂತನಕಾ ನನ್ನ ಮಗಾ ಆ ಊರಾಗ ಅಡ್ಡ್ಯಾಡಾಕತ್ತಿದ್ದಾ." ಅವ್ವ ಸೆರಗು ಸರಿ ಮಾಡಿಕೊಂಡಳು. "ಈಗ ನನಗೂ ವಯಸ್ಸಾತು. ನನ್ನ ಸಲುವಾಗಿ ಅವನ್ನ ಎಷ್ಟ ದಿನಾ ಚಳಿಯಾಗ ತಿರಗಸ್ಲಿ? ಹೇಳು."

ಕಾಕಾ ಹೇಳಿದರು. ಏನೂ ಬಿಡಲಿಲ್ಲ. ಮುಂದೆ ನಡೆದವನು ಯಾರು, ಹಿಂದುಳಿದವನು ಯಾರು ಎಂಬುದನ್ನೂ. ಕೆಸರಿನಲ್ಲಿ ಕೂತದ್ದು, ಚಹಾದ ಮಗ್ಗು, ಬೆಂಕಿ. ಹೇಳಿ ಒಳಜೇಬಿನ ಅರಿವೆಯ ಗಂಟು ತೆಗೆದು ಅವ್ವನ ಮುಂದೆ ನೆಲದ ಮೇಲೆ ಇಟ್ಟರು. ಕೈಗೆ ಕೊಡಲು ಅವರಿಗೆ ಧೈರ್ಯವಾಗಲಿಲ್ಲ.

ಅವ್ವ ಅದನ್ನು ಎತ್ತಿಕೊಂಡು ಬಿಚ್ಚಿದಳು. ಬೆರಳಿನಿಂದ ಸವರಿದಳು. "ಒಣಗಿಸಿ ಇಡ್ಲಿಲ್ಲೇನ್? ಹಸೀ ಐತಿ."

"ಮುಂಜಾನೆ ತೊಳದೇನಿ ಯವ್ವಾ."

ಅಷ್ಟಕ್ಕೆ ಕಾಕಾ ಅತ್ತುಬಿಟ್ಟರು. ಅವ್ವ ಅಳಲಿಲ್ಲ. ಅವರ ಬೆನ್ನಿನ ಮೇಲೆ ಕೈಯಿಟ್ಟು ಹೇಳಿದಳು:

"ಅವರ ಮ್ಯಾಲ ಸಿಟ್ಟ ಇಟ್ಕೋಬ್ಯಾಡ. ಆ ಮುದಕಿ ಹಸದಾನ ಅಂತ ತಿನ್ನಾಕ ಕೊಟ್ಲು, ಇವರು ದಣದಾನ ಅಂತ ಕುಡಿಯಾಕ ಕೊಟ್ರು. ಅಂಗೈ ಚಾಚಿದ್ರ ಮಂದಿ ಮತ್ತೇನ ತಿಳೀಬೇಕು? ನಿನ್ನ ಮ್ಯಾಲೂ ಇಟ್ಕೋಬ್ಯಾಡ. ಅಂವ ಸಣ್ಣಾಂವ ಇದ್ದಾಗಿಂದ ಮುಂದ ಓಡಾಂವನ."

ನನಗೆ ಏನು ಮಾಡಬೇಕೋ ತಿಳಿಯದೆ, ಚಹಾ ಮಾಡಿಸಲೇ ಎಂದೆ. ಅವ್ವ ಕಣ್ಣಿನಲ್ಲೇ ಗದರಿದಳು. ಮಜ್ಜಿಗೆ ತಂದು ಕೊಟ್ಟೆ. ಕಾಕಾ ಕುಡಿದರು.

ಆ ರಾತ್ರಿ ಕಾಕಾ ನಮ್ಮಲ್ಲೇ ಉಳಿದರು. ಮರುದಿನ ಅಯ್ಯನವರನ್ನು ಕರೆಸಿದೆವು. ಅವರು ಲಿಂಗವನ್ನು ನೋಡಿ ಕೈ ಮುಗಿದು, "ಒಡೆಯಾ ಇಲ್ಲದ ಲಿಂಗಾ ಮನ್ಯಾಗ ಇಡಬಾರದವ್ವಾ. ಹೊಳಿಗೆ ಬಿಡೂದು ಪದ್ಧತಿ" ಎಂದರು.

"ಹೊಳಿಗೆ ಬಿಡಾಕ ಅಷ್ಟ ದೂರದಿಂದ ಎದಿಮ್ಯಾಲ ಹೊತ್ತ ತಂದಾನೇನ್ರಿ ಈ ಕೂಸು?" ಎಂದಳು ಅವ್ವ, ಕಾಕಾನ ಕಡೆ ಕೈ ಮಾಡಿ. "ನನಗರೆ ಒಂದ ಕುಣಿ ಆಗೂದ ಐತೆಲ್ಲ. ನನ್ನ ಲಿಂಗ ಎಡಗೈಯಾಗ ಇರ್ತೈತಿ. ಬಲಗೈ ಖಾಲೀನ ಇರ್ತೈತಿ. ಅದರಾಗ ಇದನ್ನ ಇಡ್ರಿ. ಹೆತ್ತ ಹೊಟ್ಟಿ ಮುಂದ ಕುಂತಂಗ ಆಗತೈತಿ. ಇಡಾಂವ ಇವನ ಆಗಬೇಕು."

ಅಯ್ಯನವರು ಬಹಳ ಹೊತ್ತು ಗದ್ದ ಕೆರೆದುಕೊಂಡರು. ಪದ್ಧತಿ ಏನೆನ್ನುತ್ತದೋ ಅವರಿಗೂ ಗೊತ್ತಿದ್ದಂತೆ ಕಾಣಲಿಲ್ಲ. ಕೊನೆಗೆ, "ಆಗಲಿ. ಗಣಾರಾಧನಿ ಯಾವಾಗ ಇಟ್ಕೊಳ್ಳೂಣು?" ಎಂದರು.

ಆ ಸೋಮವಾರ ಆಯಿತು. ಕಾಕಾ ಬಾವಿಯಿಂದ ನೀರು ಹೊತ್ತರು, ಎಲ್ಲರೂ ಉಂಡ ಮೇಲೆ ಕೊನೆಯ ಸಾಲಿನಲ್ಲಿ ಕೂತು ಉಂಡರು.

ಅವ್ವ ಮತ್ತೆ ಎರಡು ಮಳೆಗಾಲ ಕಂಡಳು. ಆ ಎರಡು ಬನ್ನಿಗಳಿಗೂ ಕಾಕಾ ಬಂದರು, ಊರಿನ ಮಾತು ಹೇಳಿದರು. ಈಗ ಭೋಂಗಾ ಆಗುತ್ತಿತ್ತು. ಬಾಳಪ್ಪ ಲಾರಿ ಹತ್ತುವ ಮೊದಲು ಮತ್ತೊಮ್ಮೆ ಮೆಟ್ಟಿಲು ಇಳಿದು, ನಾಳೆಯ ಪೂಜೆಗೆಂದು ಬಾಟಲಿಯಲ್ಲಿ ಹೊಳೆಯ ನೀರು ತುಂಬಿಕೊಂಡದ್ದನ್ನು ನಾನು ಮೊದಲ ಸಲ ಕೇಳಿದ್ದು ಆಗ.

ಅವ್ವ ಹೋದ ದಿನ, ಸುದ್ದಿ ಮುಟ್ಟಿಸಲು ಹೋದವರು ತಿರುಗಿ ಬರುವ ಮೊದಲೇ ಕಾಕಾ ಬಂದರು. ಅಪ್ಪನ ಬಾಜೂಕ್ಕೆ, ನಮ್ಮ ಹೊಲದಲ್ಲೇ ಕುಣಿ ತೋಡಿದ್ದೆವು. ಅವ್ವನನ್ನು ಇಳಿಸಿ ಕೂಡಿಸಿದೆವು. ವಿಭೂತಿ, ಪತ್ರಿ ಆಯಿತು. ಎಡಗೈಯಲ್ಲಿ ಆಕೆಯ ಲಿಂಗ ಇಟ್ಟೆ. ಮೇಲೆ ನಿಂತವರಲ್ಲಿ ಯಾರೋ, ಕುರುಬರವ ಕುಣಿಗೆ ಇಳಿಯುವುದೇನು ಎಂದರು. ಅಯ್ಯನವರು ಅತ್ತ ತಿರುಗಿಯೂ ನೋಡಲಿಲ್ಲ. "ಇಳಿಯಪ್ಪಾ" ಎಂದರು ಕಾಕಾಗೆ.

ಕಾಕಾ ಕಂಬಳಿ ತೆಗೆದಿಟ್ಟು ಇಳಿದರು. ಕುಣಿಯಲ್ಲಿ ಇಬ್ಬರಿಗೆ ಜಾಗವಿರಲಿಲ್ಲ, ನಾನು ಗೋಡೆಗೆ ಒತ್ತಿ ನಿಂತೆ. ಅವರು ಮೊಳಕಾಲೂರಿ ಅವ್ವನ ಬಲಗೈ ತೆಗೆದುಕೊಂಡು, ಅಂಗೈಯಲ್ಲಿ ಬಾಳಪ್ಪನ ಲಿಂಗ ಇಟ್ಟು, ಬೆರಳುಗಳನ್ನು ಒಂದೊಂದಾಗಿ ಮಡಿಚಿದರು. ಆಮೇಲೆ ಆಕೆಯ ಕಿವಿಯ ಹತ್ತಿರ ಬಾಗಿದರು. ಮೇಲಿನವರಿಗೆ ಕೇಳಿಸಲಿಲ್ಲ, ನನಗೆ ಕೇಳಿಸಿತು.

"ಯವ್ವಾ, ಬಾಳಪ್ಪನ್ನ ಕುಂಡ್ರಸೇನಿ."

ಮಣ್ಣು ಕೊಟ್ಟಾಯಿತು. ಎಲ್ಲರೂ ಹಳ್ಳದ ಕಡೆಗೆ, ಕೈಕಾಲು ತೊಳೆಯಲು ಹೊರಟೆವು. ನಾನು ಒಮ್ಮೆ ತಿರುಗಿ ನೋಡಿದೆ. ಕಾಕಾ ಕಂಬಳಿ ಹೆಗಲಿಗೆ ಹಾಕಿಕೊಂಡು, ಮೊಳಕಾಲಿನ ಮಣ್ಣು ಝಾಡಿಸದೆ, ಯಾರೂ ಹಿಂದೆ ಉಳಿಯದ ಹಾಗೆ ನೋಡಿಕೊಳ್ಳುತ್ತ, ಎಲ್ಲರ ಹಿಂದೆ ಬರುತ್ತಿದ್ದರು.